ಕೋರ್ಟಿನಲ್ಲಿ ಆಡಿದ ಮಾತು ಕಾಗದಕ್ಕೆ ಇಳಿಯುವುದು ಹೇಗೆ? ಶೀಘ್ರಲಿಪಿಗಾರರು, ಬೆರಳಚ್ಚುಗಾರರ ಕೆಲಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕರ್ನಾಟಕದ ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ಮೊದಲು ಬೆರಳಚ್ಚುಗಾರಳಾಗಿ, ಆಮೇಲೆ ಶೀಘ್ರಲಿಪಿಗಾರಳಾಗಿ, ಅಂದರೆ ಸ್ಟೆನೋ ಆಗಿ, ದುಡಿದವಳು. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕೋರ್ಟ್ ಕಾಂಪೌಂಡಿನ ಮರದ ಕೆಳಗೆ ಜನ ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಸಾಕ್ಷಿ ಹೇಳಲು ಹೋಗುವವರಿಗೆ, ಈ ಕೆಲಸಕ್ಕೆ ಸೇರಬೇಕೆನ್ನುವ ಹುಡುಗ ಹುಡುಗಿಯರಿಗೆ ಉಪಯೋಗವಾಗಲಿ ಎಂಬ ಆಸೆ.

ಕೋರ್ಟ್ ರಿಪೋರ್ಟರ್ ಅಂದರೆ ಪೇಪರಿನವರಲ್ಲವೇ?

ನಮ್ಮಲ್ಲಿ ಆ ಹೆಸರು ಹೇಳಿದರೆ ಕೋರ್ಟ್ ಸುದ್ದಿ ಬರೆಯುವ ಪತ್ರಕರ್ತರೇ ನೆನಪಾಗುತ್ತಾರೆ. ಅಮೆರಿಕದಲ್ಲಿ ಅದೇ ಹೆಸರು ಕಲಾಪವನ್ನು ಅಕ್ಷರಶಃ ಬರೆದುಕೊಳ್ಳುವ ಅಧಿಕೃತ ಬರಹಗಾರರಿಗೆ ಸಲ್ಲುತ್ತದೆ. ನಾನು ಹೇಳುತ್ತಿರುವುದು ಈ ಎರಡನೆಯವರ ಕಥೆ. ಕರ್ನಾಟಕದಲ್ಲಿ ಆ ಕೆಲಸ ಹಲವರಿಗೆ ಹಂಚಿಹೋಗಿದೆ. ಸಾಕ್ಷ್ಯ ನಡೆಯುವಾಗ ನೇರವಾಗಿ ಟೈಪ್ ಮಾಡುವವರು ಬೆರಳಚ್ಚುಗಾರರು. ಆದೇಶ, ತೀರ್ಪುಗಳ ಉಕ್ತಲೇಖನ (ಡಿಕ್ಟೇಶನ್) ತೆಗೆದುಕೊಳ್ಳುವವರು ಶೀಘ್ರಲಿಪಿಗಾರರು. ಹಿರಿಯ ನ್ಯಾಯಾಧೀಶರ ಬಳಿ ಇರುವವರಿಗೆ ತೀರ್ಪು ಬರಹಗಾರರು ಎಂಬ ಹುದ್ದೆಯ ಹೆಸರಿದೆ. ಆ ಹೆಸರು ಕೇಳಿ ಎಷ್ಟೋ ಜನ 'ತೀರ್ಪು ನೀವೇ ಬರೀತೀರಾ?' ಎಂದು ಕೇಳಿದ್ದಾರೆ. ತೀರ್ಪು ನ್ಯಾಯಾಧೀಶರದು. ಅವರ ಬಾಯಿಂದ ಬಂದದ್ದನ್ನು ಒಂದಕ್ಷರ ತಪ್ಪದಂತೆ ಕಾಗದಕ್ಕೆ ತರುವುದು ನಮ್ಮದು.

ಕೋರ್ಟ್ ಹಾಲಿನಲ್ಲಿ ನೀವು ಎಲ್ಲಿ ಕೂರುತ್ತೀರಿ?

ನ್ಯಾಯಪೀಠದ ಕೆಳಗೆ, ಸಾಕ್ಷಿಯ ಕಟಕಟೆಗೆ ಹತ್ತಿರದಲ್ಲಿ. ಪಕ್ಕದಲ್ಲಿ ಬೆಂಚ್ ಕ್ಲರ್ಕ್ ಕಡತಗಳ ರಾಶಿಯ ನಡುವೆ ಇರುತ್ತಾರೆ. ಬಾಗಿಲ ಬಳಿ ನಿಂತು ಹೆಸರು ಕೂಗುವವರು ದಲಾಯತರು. ಕೂರುವ ಜಾಗ ಸಣ್ಣ ವಿಷಯ ಅನಿಸಬಹುದು, ಆದರೆ ತಲೆಯ ಮೇಲೆ ಫ್ಯಾನ್, ಹಿಂದೆ ಗುಸುಗುಸು, ಹೊರಗೆ ಜನರ ಗದ್ದಲ ಇರುವಾಗ ಸಾಕ್ಷಿಯ ತುಟಿ ಕಾಣುವಂತೆ ಕೂರುವುದು ಬಹಳ ಮುಖ್ಯ. ಕಿವಿಗೆ ಬೀಳದ್ದನ್ನು ಎಷ್ಟೋ ಸಲ ತುಟಿ ನೋಡಿ ಹಿಡಿದಿದ್ದೇನೆ.

ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೀರಾ?

ಇಲ್ಲ. ಇದು ಗೊತ್ತಾದಾಗ ಹೆಚ್ಚಿನವರಿಗೆ ಆಶ್ಚರ್ಯವಾಗುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆಯುವುದಿಲ್ಲ, ನಿರೂಪಣೆಯಾಗಿ ಬರೆಯುತ್ತಾರೆ. ವಕೀಲರು ಪ್ರಶ್ನೆ ಕೇಳುತ್ತಾರೆ, ಸಾಕ್ಷಿ ಉತ್ತರ ಹೇಳುತ್ತಾರೆ, ನ್ಯಾಯಾಧೀಶರು ಎರಡನ್ನೂ ಸೇರಿಸಿ ಒಂದು ವಾಕ್ಯ ಮಾಡಿ ಉಕ್ತಲೇಖನ ಕೊಡುತ್ತಾರೆ, ನಾವು ಆ ವಾಕ್ಯವನ್ನು ಟೈಪ್ ಮಾಡುತ್ತೇವೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 18, ನಿಯಮ 5 ಹೇಳುವುದು ಇದನ್ನೇ: ಮೇಲ್ಮನವಿಗೆ ಅವಕಾಶವಿರುವ ಪ್ರಕರಣಗಳಲ್ಲಿ ಸಾಕ್ಷ್ಯವನ್ನು ನ್ಯಾಯಾಲಯದ ಭಾಷೆಯಲ್ಲಿ ನ್ಯಾಯಾಧೀಶರೇ ಬರೆಯಬಹುದು, ಅವರ ಸಮಕ್ಷಮ ಮತ್ತು ಮೇಲ್ವಿಚಾರಣೆಯಲ್ಲಿ ಬರೆಸಬಹುದು, ಇಲ್ಲವೇ ಅವರ ಉಕ್ತಲೇಖನದಿಂದ ನೇರವಾಗಿ ಟೈಪ್ ಮಾಡಿಸಬಹುದು. ಯಂತ್ರದ ಮೂಲಕ ಧ್ವನಿ ದಾಖಲಿಸಲೂ ಅಲ್ಲಿ ಅವಕಾಶವಿದೆ.

ಸಾಕ್ಷಿ 'ಅವತ್ತು ನಾನು ಹೊಲದಾಗೆ ಇದ್ದೆ ಸ್ವಾಮಿ, ಮೆಣಸಿನಗಿಡಕ್ಕೆ ನೀರು ಕಟ್ತಾ ಇದ್ದೆ, ಕೂಗು ಕೇಳಿ ಓಡಿ ಬಂದೆ' ಎನ್ನುತ್ತಾನೆ. ದಾಖಲೆಯಲ್ಲಿ ಅದು 'ಘಟನೆಯ ದಿನ ನಾನು ನನ್ನ ಜಮೀನಿನಲ್ಲಿ ಮೆಣಸಿನ ಗಿಡಗಳಿಗೆ ನೀರು ಹಾಯಿಸುತ್ತಿದ್ದೆನು. ಆಗ ಕೂಗಾಟದ ಶಬ್ದ ಕೇಳಿ ಸ್ಥಳಕ್ಕೆ ಓಡಿಬಂದೆನು' ಎಂದಾಗುತ್ತದೆ. ಅರ್ಥ ಅದೇ, ಮಾತು ಬೇರೆ. ಈ ಎರಡರ ನಡುವಿನ ಅಂತರ ಎಷ್ಟು ಕಡಿಮೆಯೋ ದಾಖಲೆ ಅಷ್ಟು ಸಾಚಾ.

ಒಂದು ಪ್ರಶ್ನೆ ಮತ್ತು ಅದರ ಉತ್ತರ ಯಥಾವತ್ತಾಗಿ ಬರಲೇಬೇಕು ಎನ್ನುವಂತಿದ್ದರೆ ನ್ಯಾಯಾಧೀಶರು ಅದನ್ನು 'ಪ್ರಶ್ನೆ', 'ಉತ್ತರ' ಎಂದು ಬೇರೆಯಾಗಿಯೇ ಬರೆಸಬಹುದು. ವಕೀಲರು ಅದನ್ನು ಕೋರುವುದೂ ಉಂಟು. ಸೂಕ್ಷ್ಮವಾದ ಜಾಗಗಳಲ್ಲಿ ಇದನ್ನು ಇನ್ನಷ್ಟು ಬಳಸಬೇಕು ಎನ್ನುವುದು ಇಷ್ಟು ವರ್ಷ ಬರೆದ ಮೇಲೆ ನನಗಿರುವ ದೃಢ ಅಭಿಪ್ರಾಯ.

ಇನ್ನೊಂದು ವಿಷಯ. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಸಿವಿಲ್ ದಾವೆಗಳಲ್ಲಿ ಮುಖ್ಯ ವಿಚಾರಣೆ, ಅಂದರೆ ಸಾಕ್ಷಿ ತನ್ನನ್ನು ಕರೆಸಿದ ಪಕ್ಷದ ಪರವಾಗಿ ಮೊದಲು ಹೇಳುವ ಹೇಳಿಕೆ, ಪ್ರಮಾಣಪತ್ರದ (ಅಫಿಡವಿಟ್) ರೂಪದಲ್ಲಿ ಬರುತ್ತದೆ. ಅದನ್ನು ವಕೀಲರ ಕಚೇರಿಯಲ್ಲಿ ಸಿದ್ಧಪಡಿಸಿರುತ್ತಾರೆ. ಹಾಗಾಗಿ ಸಿವಿಲ್ ಕೇಸಿನ ಸಾಕ್ಷಿ ಕಟಕಟೆಯಲ್ಲಿ ಸ್ವಂತ ಬಾಯಿಂದ ಹೆಚ್ಚು ಮಾತಾಡುವುದು ಎದುರು ಪಕ್ಷದ ವಕೀಲರು ಪ್ರಶ್ನಿಸುವ ಪಾಟೀ ಸವಾಲಿನಲ್ಲೇ, ನಮ್ಮ ಕಿವಿಗೂ ಕೈಗೂ ಪರೀಕ್ಷೆ ಅಲ್ಲೇ.

ಪಾಟೀ ಸವಾಲಿನ ತುಂಬ 'ಎಂದರೆ ಸರಿಯಲ್ಲ' ಅಂತ ಇರುತ್ತದೆ. ಅದೇನು?

ಎದುರು ಪಕ್ಷದ ವಕೀಲರು ತಮ್ಮ ಕಕ್ಷಿದಾರನ ವಾದವನ್ನು ಸೂಚನೆಯ ರೂಪದಲ್ಲಿ ಸಾಕ್ಷಿಯ ಮುಂದಿಡುತ್ತಾರೆ: 'ನೀವು ಆವತ್ತು ಊರಲ್ಲೇ ಇರಲಿಲ್ಲ.' ಸಾಕ್ಷಿ ಅದನ್ನು ನಿರಾಕರಿಸಿದರೆ ದಾಖಲೆಯಲ್ಲಿ 'ಘಟನೆಯ ದಿನ ನಾನು ಊರಿನಲ್ಲಿಯೇ ಇರಲಿಲ್ಲ ಎಂದರೆ ಸರಿಯಲ್ಲ' ಎಂದು ಬರುತ್ತದೆ. ಒಪ್ಪಿದರೆ 'ಎಂದರೆ ಸರಿ'. ಕರ್ನಾಟಕದ ಕೋರ್ಟುಗಳಲ್ಲಿ ಪಾಟೀ ಸವಾಲು ಹೆಚ್ಚಾಗಿ ಮುಗಿಯುವುದೂ 'ನಾನು ಸುಳ್ಳು ಸಾಕ್ಷ್ಯ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ' ಎಂಬ ಸಾಲಿನಿಂದಲೇ.

ಒಂದು 'ಅಲ್ಲ' ಬಿಟ್ಟುಹೋದರೆ ಕೇಸೇ ತಿರುಗಿಬೀಳುತ್ತದೆ. ಇದನ್ನು ನಾನು ನನ್ನ ಕೈಯಾರೆ ಕಲಿತೆ. ಕೆಲಸಕ್ಕೆ ಸೇರಿದ ಮೊದಮೊದಲು, ಒಂದು ತಾಲ್ಲೂಕು ನ್ಯಾಯಾಲಯದಲ್ಲಿ ಸಾಲದ ದಾವೆ ನಡೆಯುತ್ತಿತ್ತು. ವಯಸ್ಸಾದ ಹೆಣ್ಣುಮಗಳು ವಾದಿ. 'ಸಾಲದ ಹಣ ಪೂರ್ತಿ ನಿಮಗೆ ವಾಪಸ್ ಬಂದಿದೆ' ಎಂದು ವಕೀಲರು ಸೂಚಿಸಿದರು, ಆಕೆ ಅಲ್ಲಗಳೆದರು, ನ್ಯಾಯಾಧೀಶರು ಸರಿಯಾಗಿಯೇ ಹೇಳಿ ಬರೆಸಿದರು. ನಾನು ವೇಗದ ಭರದಲ್ಲಿ 'ಎಂದರೆ ಸರಿ' ಎಂದು ಹೊಡೆದು ಮುಂದಕ್ಕೆ ಹೋಗಿಬಿಟ್ಟೆ. ಕೊನೆಯಲ್ಲಿ ಓದಿ ಹೇಳುವಾಗ ಆಕೆ ಕೈ ಎತ್ತಿ, 'ಹಂಗಲ್ಲವ್ವಾ, ಒಂದು ಪೈಸೆನೂ ಬಂದಿಲ್ಲ' ಎಂದರು. ನ್ಯಾಯಾಧೀಶರು ತಿದ್ದಿಸಿ, ತಿದ್ದಿದ ಕಡೆ ಚಿಕ್ಕ ಸಹಿ ಹಾಕಿದರು. ಯಾರೂ ನನ್ನನ್ನು ಬೈಯಲಿಲ್ಲ. ಆದರೆ ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಕೆ ಸುಮ್ಮನೆ ಹೆಬ್ಬೆಟ್ಟು ಒತ್ತಿ ಹೋಗಿದ್ದರೆ, ಸಾಲ ತೀರಿದೆ ಎಂದು ಆಕೆಯೇ ಒಪ್ಪಿಕೊಂಡ ಹಾಗೆ ಆಗುತ್ತಿತ್ತು. ಮೇಲಿನ ಕೋರ್ಟಿನ ನ್ಯಾಯಾಧೀಶರು ಆಕೆಯ ಮುಖ ನೋಡುವುದಿಲ್ಲ, ದನಿ ಕೇಳುವುದಿಲ್ಲ, ನಾನು ಟೈಪ್ ಮಾಡಿದ ಹಾಳೆಯನ್ನಷ್ಟೇ ಓದುತ್ತಾರೆ.

ಇಲ್ಲಿ ಕನ್ನಡದ್ದೇ ಒಂದು ತೊಡಕೂ ಇದೆ. 'ನೀವು ಅಲ್ಲಿಗೆ ಹೋಗಿರಲಿಲ್ಲ ತಾನೇ?' ಎಂದರೆ ಸಾಕ್ಷಿ 'ಇಲ್ಲ' ಎನ್ನುತ್ತಾನೆ. 'ಇಲ್ಲ, ಹೋಗಿರಲಿಲ್ಲ' ಎಂದೋ, 'ಇಲ್ಲ, ನೀವು ಹೇಳೋದು ತಪ್ಪು, ಹೋಗಿದ್ದೆ' ಎಂದೋ? ಆಗ ಒಳ್ಳೆಯ ನ್ಯಾಯಾಧೀಶರು 'ಹೋಗಿದ್ರಾ, ಹೋಗಿರಲಿಲ್ವಾ, ಬಿಡಿಸಿ ಹೇಳಿ' ಎಂದು ಕೇಳಿಯೇ ಬರೆಸುತ್ತಾರೆ. ನೀವು ಸಾಕ್ಷಿಯಾದರೆ ಬರೀ 'ಹೂಂ', 'ಇಲ್ಲ' ಎನ್ನಬೇಡಿ, ಪೂರ್ತಿ ವಾಕ್ಯ ಹೇಳಿ.

ಹಳ್ಳಿಯವರ ಮಾತನ್ನು ಗ್ರಂಥಸ್ಥ ಕನ್ನಡಕ್ಕೆ ತರುವಾಗ ಅರ್ಥ ಕೆಡುವುದಿಲ್ಲವೇ?

ಕೆಡುವ ಸಾಧ್ಯತೆ ಯಾವಾಗಲೂ ಇದೆ. 'ದೀಪ ಹಚ್ಚೋ ಹೊತ್ತು' ಎಂದವರ ಮಾತು 'ಸಂಜೆ ಸುಮಾರು 6-30 ಗಂಟೆಗೆ' ಎಂದು ಬರೆಯಲ್ಪಟ್ಟರೆ, ಮುಂದೆ ಯಾರೋ ವಕೀಲರು ಡಿಸೆಂಬರಿನಲ್ಲಿ ಆ ಹೊತ್ತಿಗೆ ಕತ್ತಲಾಗಿರುತ್ತದೆ, ಮುಖ ಹೇಗೆ ಗುರುತು ಹಿಡಿದಿರಿ ಎಂದು ವಾದಿಸುತ್ತಾರೆ. ಗಡಿಯಾರದ ಸಮಯವನ್ನು ಆ ಸಾಕ್ಷಿ ಹೇಳಿಯೇ ಇರುವುದಿಲ್ಲ. 'ನಾಲ್ಕು ಮಾರು ದೂರ' ಎಂದದ್ದನ್ನು ಅಡಿಗೆ ಪರಿವರ್ತಿಸಿದರೂ ಇದೇ ಪಾಡು. ಮಾರು ಎಂದರೆ ಮಾರು ಎಂದೇ ಬರೆಯುವುದು ಲೇಸು.

ಪಾಲುಪಟ್ಟಿ ದಾವೆಗಳಲ್ಲಿ ಸಂಬಂಧದ ಪದಗಳೇ ಇಡೀ ಕೇಸು. ನಮ್ಮ ಜನ ದೊಡ್ಡಪ್ಪನ ಮಗನನ್ನೂ 'ನಮ್ಮಣ್ಣ' ಎನ್ನುತ್ತಾರೆ, ಒಡಹುಟ್ಟಿದವನನ್ನೂ 'ನಮ್ಮಣ್ಣ' ಎನ್ನುತ್ತಾರೆ. ಅದನ್ನು 'ನನ್ನ ಸಹೋದರ' ಎಂದು ಬರೆದರೆ ವಂಶವೃಕ್ಷದಲ್ಲಿ ಒಂದು ಕೊಂಬೆಯೇ ಬೇರೆ ಕಡೆ ಹೋಗಿ ಅಂಟಿಕೊಳ್ಳುತ್ತದೆ. ಅನುಮಾನ ಬಂದ ಕೂಡಲೇ ನಾನು ಟೈಪ್ ಮಾಡುವುದನ್ನು ನಿಲ್ಲಿಸಿ ಪೀಠದ ಕಡೆ ನೋಡುತ್ತಿದ್ದೆ. ನ್ಯಾಯಾಧೀಶರಿಗೆ ಅರ್ಥವಾಗುತ್ತಿತ್ತು, 'ಸ್ವಂತ ಅಣ್ಣನಾ?' ಎಂದು ಸಾಕ್ಷಿಯನ್ನು ಕೇಳುತ್ತಿದ್ದರು. ನಾವಾಗಿ ಸಾಕ್ಷಿಯನ್ನು ಪ್ರಶ್ನಿಸುವ ಹಾಗಿಲ್ಲ, ಆದರೆ ಕೈ ನಿಲ್ಲಿಸುವುದೂ ಒಂದು ರೀತಿಯ ಪ್ರಶ್ನೆಯೇ.

ಬೇರೆ ಸೀಮೆಗೆ ವರ್ಗವಾದರೆ ಕಿವಿ ಹೊಸದಾಗಿ ಪಳಗಬೇಕು. ಹಳೇ ಮೈಸೂರಿನವರಿಗೆ ಕಲಬುರಗಿಯ ಮಾತು, ಧಾರವಾಡದವರಿಗೆ ಕುಂದಾಪುರದ ಮಾತು ಮೊದಲ ದಿನಗಳಲ್ಲಿ ಓಡುವ ನೀರಿದ್ದ ಹಾಗೆ, ಕೈಗೆ ಸಿಗುವುದಿಲ್ಲ. ಆ ಊರಿನ ದಲಾಯತರು, ಸಮನ್ಸ್ ತಲುಪಿಸುವ ಜಾರಿಕಾರರು ಇಂಥ ವೇಳೆ ಗುರುಗಳಾಗುತ್ತಾರೆ.

ಸಾಕ್ಷಿಗೆ ಕನ್ನಡವೇ ಬಾರದಿದ್ದರೆ?

ನ್ಯಾಯಾಲಯವು ಭಾಷಾಂತರಕಾರರಿಗೆ ಪ್ರಮಾಣ ಬೋಧಿಸಿ, ಅವರ ಮೂಲಕ ಸಾಕ್ಷ್ಯ ದಾಖಲಿಸುತ್ತದೆ. ತುಳು, ಕೊಂಕಣಿ, ಉರ್ದು, ಲಂಬಾಣಿ ಮಾತಾಡುವ ಸಾಕ್ಷಿಗಳು ನಮ್ಮಲ್ಲಿ ಅಪರೂಪವೇನಲ್ಲ. ಹಾಗೆಯೇ ಆರೋಪಿಗೆ ಅರ್ಥವಾಗದ ಭಾಷೆಯಲ್ಲಿ ಸಾಕ್ಷ್ಯ ನಡೆದರೆ, ತೆರೆದ ನ್ಯಾಯಾಲಯದಲ್ಲಿ ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಅದನ್ನು ವಿವರಿಸಬೇಕೆಂದು ಕಾನೂನೇ ಹೇಳುತ್ತದೆ. ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ, ಹೈಕೋರ್ಟಿನದು ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷ್. ಅಂದರೆ ಲಂಬಾಣಿ ತಾಂಡಾದ ಒಬ್ಬ ತಾಯಿಯ ಮಾತು ಮೇಲ್ಮನವಿಯ ಹೊತ್ತಿಗೆ ಎರಡು ಭಾಷೆ ದಾಟಿರುತ್ತದೆ. ಮೊದಲ ಮೆಟ್ಟಿಲಲ್ಲಿ ಕೂತವರ ಹೊಣೆ ಎಷ್ಟೆಂದು ಇದರಿಂದಲೇ ತಿಳಿಯಬಹುದು.

ಸಾಕ್ಷಿ ಮಾತಾಡದೆ ತಲೆಯಾಡಿಸಿದರೆ, ಅತ್ತುಬಿಟ್ಟರೆ?

ತಲೆಯಾಡಿಸಿದರೆ ಬಾಯಿಬಿಟ್ಟು ಹೇಳುವಂತೆ ನ್ಯಾಯಾಧೀಶರು ಸೂಚಿಸುತ್ತಾರೆ. ಕಟಕಟೆಯಿಂದ ಆರೋಪಿಯತ್ತ ಬೆರಳು ತೋರಿಸಿದರೆ 'ನ್ಯಾಯಾಲಯದ ಮುಂದೆ ಹಾಜರಿರುವ ಆರೋಪಿಯನ್ನು ಸಾಕ್ಷಿ ಗುರುತಿಸುತ್ತಾರೆ' ಎಂದು ಬರೆಸುತ್ತಾರೆ. ಸಾಕ್ಷಿಯ ನಡವಳಿಕೆಯ ಬಗ್ಗೆ ಮುಖ್ಯವೆನಿಸಿದ್ದನ್ನು ನ್ಯಾಯಾಧೀಶರು ದಾಖಲಿಸಲು ಸಿವಿಲ್, ಕ್ರಿಮಿನಲ್ ಎರಡೂ ಕಾನೂನುಗಳಲ್ಲಿ ಅವಕಾಶವಿದೆ. ಮಾತು ಬಾರದವರು ಬರೆದು ಅಥವಾ ಸನ್ನೆಯಿಂದ ಹೇಳಿದ್ದೂ ಮೌಖಿಕ ಸಾಕ್ಷ್ಯವೇ. ಆದರೆ ಯಾರೂ ಬರೆಸದ ಅಳು ಕಾಗದಕ್ಕೆ ಬರುವುದಿಲ್ಲ. ಎಷ್ಟೋ ದಿನ ಒಬ್ಬ ತಾಯಿ ಐದು ನಿಮಿಷ ಅತ್ತು, ಆಮೇಲೆ ಹೇಳಿದ ಎರಡು ಸಾಲು ಮಾತ್ರ ನನ್ನ ಹಾಳೆಯ ಮೇಲೆ ಉಳಿದಿದೆ.

ಓದಿ ಹೇಳುವುದು ಬರೀ ಶಾಸ್ತ್ರವೇ?

ದಯವಿಟ್ಟು ಹಾಗೆ ತಿಳಿಯಬೇಡಿ. ಕ್ರಿಮಿನಲ್ ಪ್ರಕರಣಗಳಲ್ಲಿ ಸಾಕ್ಷ್ಯ ಮುಗಿದ ಮೇಲೆ ಅದನ್ನು, ಆರೋಪಿ ಅಥವಾ ಆತನ ವಕೀಲರ ಸಮ್ಮುಖದಲ್ಲಿ, ಸಾಕ್ಷಿಗೆ ಓದಿ ಹೇಳಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 278ನೇ ಕಲಂ ಆಗಿತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 313ನೇ ಕಲಂ. ತಪ್ಪಿದ್ದರೆ ತಿದ್ದಿಸಬಹುದು. ಸಾಕ್ಷಿ 'ಇದು ಸರಿಯಿಲ್ಲ' ಎಂದಾಗ ನ್ಯಾಯಾಧೀಶರಿಗೆ ತಿದ್ದುವುದು ಸೂಕ್ತ ಅನಿಸದಿದ್ದರೆ, ಸಾಕ್ಷಿಯ ಆಕ್ಷೇಪಣೆಯನ್ನಾದರೂ ಟಿಪ್ಪಣಿಯಾಗಿ ಬರೆದು ತಮ್ಮ ಅಭಿಪ್ರಾಯ ಸೇರಿಸಬಹುದು. ಆಕ್ಷೇಪಣೆ ಹೀಗೆ ದಾಖಲೆಯಲ್ಲಿ ಉಳಿಯುತ್ತದೆ.

ನಮ್ಮ ಸಾಕ್ಷ್ಯ ಹಾಳೆಗಳ ಕೊನೆಯಲ್ಲಿ 'ಓ.ಹೇ.ಕೇ. ಸರಿ ಇದೆ' ಎಂದು ಇರುತ್ತದಲ್ಲ, 'ಓದಿ ಹೇಳಿ ಕೇಳಲಾಗಿ ಸರಿ ಇದೆ' ಎಂಬುದರ ಹ್ರಸ್ವರೂಪ ಅದು. ಆ ನಾಲ್ಕಕ್ಷರ ನಿಜವಾಗುವುದು ಯಾರಾದರೂ ನಿಜಕ್ಕೂ ಓದಿದಾಗ, ಯಾರಾದರೂ ನಿಜಕ್ಕೂ ಕೇಳಿಸಿಕೊಂಡಾಗ. ದಿನದ ಕೊನೆಗೆ ಇನ್ನೂ ಹತ್ತು ಕೇಸು ಬಾಕಿ ಇರುವಾಗ ಓದುವುದು ಅವಸರದ್ದಾಗುತ್ತದೆ. ಆಗಲೂ ನೀವು 'ಸ್ವಲ್ಪ ನಿಧಾನ ಓದಿ' ಎಂದು ಕೇಳಬಹುದು. ಅದರಿಂದ ಯಾರಿಗೂ ಅವಮಾನವಾಗುವುದಿಲ್ಲ.

ಶೀಘ್ರಲಿಪಿ ಎಂದರೆ ಏನು? ಗೀಚಿದ ಹಾಗೆ ಕಾಣುತ್ತದಲ್ಲ!

ನಮ್ಮಲ್ಲಿ ಹೆಚ್ಚಾಗಿ ಕಲಿಯುವುದು ಪಿಟ್‌ಮನ್ ಪದ್ಧತಿ. ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ 1837ರಲ್ಲಿ ಅದನ್ನು ಪ್ರಕಟಿಸಿದರು. ಅಕ್ಷರ ಬಿಟ್ಟು ಉಚ್ಚಾರವನ್ನು ಬರೆಯುವ ಪದ್ಧತಿ ಅದು. ಹಾಗಾಗಿ ಕನ್ನಡಕ್ಕೂ ಹೊಂದಿಸಿಕೊಳ್ಳಲು ಆಯಿತು. ಜೋಡಿ ಧ್ವನಿಗಳಿಗೆ ಒಂದೇ ಗೆರೆ: ತೆಳುವಾಗಿ ಎಳೆದರೆ 'ಕ', ಒತ್ತಿ ಎಳೆದರೆ 'ಗ'. ತೆಳುವಾದರೆ 'ಪ', ದಪ್ಪವಾದರೆ 'ಬ'. ಅದಕ್ಕೇ ಬಾಲ್‌ಪೆನ್ನಿಗಿಂತ ಮೆತ್ತನೆಯ ಪೆನ್ಸಿಲ್ ನಮಗೆ ಇಷ್ಟ. ಸ್ವರಗಳಿಗೆ ಚುಕ್ಕಿ, ಅಡ್ಡಗೆರೆ. ವೇಗದಲ್ಲಿ ಅವನ್ನು ಬಿಟ್ಟುಬಿಡುತ್ತೇವೆ, ಗೆರೆಯನ್ನು ಸಾಲಿನ ಮೇಲೆ, ಸಾಲಿಗೆ ತಾಗಿ ಅಥವಾ ಸಾಲನ್ನು ಸೀಳಿ ಬರೆಯುವುದರಿಂದಲೇ ಸ್ವರ ಊಹಿಸಬೇಕು.

ಅಪಾಯವೂ ಅಲ್ಲೇ ಇದೆ. ಸ್ವರ ತೆಗೆದರೆ 'ಕೊಟ್ಟ', 'ಕಟ್ಟಿದ', 'ಕೆಟ್ಟ' ಇವೆಲ್ಲ ಹೆಚ್ಚುಕಡಿಮೆ ಒಂದೇ ಅಸ್ಥಿಪಂಜರ. ಹಣ ಕೊಟ್ಟನೋ ಹಣ ಕಟ್ಟಿದನೋ ಎಂಬುದರ ಮೇಲೆ ಚೆಕ್ ಬೌನ್ಸ್ ಕೇಸು ನಿಂತಿರುತ್ತದೆ. ಸಂಜೆ ಲಿಪ್ಯಂತರ ಮಾಡುವಾಗ, ಅಂದರೆ ಗೆರೆಗಳನ್ನು ಮತ್ತೆ ಅಕ್ಷರಕ್ಕೆ ಇಳಿಸುವಾಗ, ಅನುಮಾನ ಬರಬಾರದು ಎಂದರೆ ಅಂಥ ಪದಗಳಿಗೆ ಎಷ್ಟೇ ಅವಸರವಿದ್ದರೂ ಚುಕ್ಕಿ ಇಡಲೇಬೇಕು. ಹಾಗೆಂದು ನನಗೆ ಕಲಿಸಿದ ಗುರುಗಳು ಹೇಳಿದ್ದರು, ಇಂದಿಗೂ ಅದು ಅಭ್ಯಾಸ. ಬರೆದ ಟಿಪ್ಪಣಿಯನ್ನು ಅದೇ ದಿನ ಲಿಪ್ಯಂತರ ಮಾಡುವುದು ಒಳ್ಳೆಯದು. ವಾರ ಕಳೆದರೆ ನಮ್ಮ ಗೆರೆ ನಮಗೇ ಅಪರಿಚಿತ.

ನಿಮಿಷಕ್ಕೆ ಎಷ್ಟು ಪದ? ಕೆಲಸಕ್ಕೆ ಸೇರುವುದು ಹೇಗೆ?

ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗದ ಪರೀಕ್ಷೆಯಲ್ಲಿ 'ಡಿ' ದರ್ಜೆಯ ಸ್ಟೆನೋಗೆ ನಿಮಿಷಕ್ಕೆ 80, 'ಸಿ' ದರ್ಜೆಗೆ 100 ಪದಗಳ ಉಕ್ತಲೇಖನ ಇರುತ್ತದೆ. ನಮ್ಮ ರಾಜ್ಯದಲ್ಲಿ ಬೆರಳಚ್ಚು, ಶೀಘ್ರಲಿಪಿಗೆ ಜೂನಿಯರ್, ಸೀನಿಯರ್, ಪ್ರಾವೀಣ್ಯ ಎಂಬ ಹಂತಗಳ ಸರ್ಕಾರಿ ಪರೀಕ್ಷೆಗಳಿವೆ. ಜಿಲ್ಲಾ ನ್ಯಾಯಾಲಯಗಳು ತಮ್ಮ ತಮ್ಮ ಜಿಲ್ಲೆಗೆ ಬೇರೆ ಬೇರೆಯಾಗಿ ಅಧಿಸೂಚನೆ ಹೊರಡಿಸುತ್ತವೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಕೈ ಓಡಬೇಕು. ಅಧಿಸೂಚನೆಯನ್ನು ಸಾಲು ಸಾಲಾಗಿ ಓದಿ, ಯಾರೋ ಹೇಳಿದ್ದನ್ನು ನಂಬಬೇಡಿ.

ಇಂಗ್ಲಿಷಿನ ಪದಗಳ ಲೆಕ್ಕವನ್ನು ಕನ್ನಡಕ್ಕೆ ಹಾಕಲಾಗುವುದಿಲ್ಲ. 'ಹೋಗಬೇಕಾಗಿರಲಿಲ್ಲವೆಂದು' ನಮ್ಮಲ್ಲಿ ಒಂದೇ ಪದ, ಇಂಗ್ಲಿಷಿನಲ್ಲಿ ಒಂದು ವಾಕ್ಯವೇ ಬೇಕು. ವೇಗ ಬರಲು ದಿನಕ್ಕೆ ಒಂದೆರಡು ಗಂಟೆಯಂತೆ ವರ್ಷಗಟ್ಟಲೆ ಅಭ್ಯಾಸ ಬೇಕು, ಅಡ್ಡದಾರಿ ಇಲ್ಲ. ರೇಡಿಯೊದ ಪ್ರದೇಶ ಸಮಾಚಾರ ಕೇಳುತ್ತಾ ಬರೆದು ಅಭ್ಯಾಸ ಮಾಡಿದ ಪೀಳಿಗೆ ನಮ್ಮದು.

ಕಂಪ್ಯೂಟರ್ ಬಂದ ಮೇಲೆ ಸುಲಭವಾಯಿತೇ?

ಬಹಳ. ಟೈಪ್‌ರೈಟರ್ ಕಾಲದಲ್ಲಿ ಕಾರ್ಬನ್ ಇಟ್ಟು ಮೂರು ಪ್ರತಿ ಹೊಡೆಯುವಾಗ ಒಂದು ತಪ್ಪಾದರೆ ಮೂರೂ ಹಾಳೆಯಲ್ಲಿ ತಿದ್ದಬೇಕಿತ್ತು. ಕನ್ನಡ ಟೈಪ್‌ರೈಟರಿನ ಕೀಲಿಮಣೆ ರೂಪಿಸಿದ ಕೆ. ಅನಂತ ಸುಬ್ಬರಾವ್, ಕಂಪ್ಯೂಟರಿಗೆ ಸರಳವಾದ ಕೀಲಿಮಣೆ ವಿನ್ಯಾಸ ಕೊಟ್ಟ ಕೆ. ಪಿ. ರಾವ್ ಇವರಿಬ್ಬರಿಗೂ ನಮ್ಮ ವೃತ್ತಿಯವರೆಲ್ಲ ಋಣಿಗಳು. ನುಡಿ ತಂತ್ರಾಂಶದಿಂದ ಯೂನಿಕೋಡಿಗೆ ಬರುವಾಗ ಹಳೆಯ ಕಡತಗಳಲ್ಲಿ ಒತ್ತಕ್ಷರ, ಅರ್ಕಾವತ್ತು ಕಲಸಿಹೋಗಿ ಪಟ್ಟ ಪಾಡು ಬೇರೆ. ಕಂಪ್ಯೂಟರ್ ಹೊಸದೊಂದು ತಪ್ಪಿಗೂ ದಾರಿ ಮಾಡಿದೆ: ಹಿಂದಿನ ಕೇಸಿನ ಸಾಲನ್ನು ಕಾಪಿ ಮಾಡಿ ಹಾಕಿ, ಹೆಸರು ಬದಲಿಸಲು ಮರೆಯುವುದು.

ಕೋರ್ಟ್ ಎದ್ದ ಮೇಲೆ ನಿಮ್ಮ ಕೆಲಸ ಮುಗಿಯಿತಲ್ಲವೇ?

ಶೀಘ್ರಲಿಪಿಗಾರರಿಗೆ ಅರ್ಧ ಕೆಲಸ ಶುರುವಾಗುವುದೇ ಆಗ. ಚೇಂಬರಿನಲ್ಲಿ, ಕೆಲವೊಮ್ಮೆ ನ್ಯಾಯಾಧೀಶರ ಮನೆಯ ಕಚೇರಿಯಲ್ಲಿ ತೀರ್ಪಿನ ಉಕ್ತಲೇಖನ. ಸಿವಿಲ್ ದಾವೆಯಲ್ಲಿ ವಾದ ಮುಗಿದ ಮೇಲೆ 30 ದಿನಗಳೊಳಗೆ, ವಿಶೇಷ ಕಾರಣವಿದ್ದರೂ ಸಾಮಾನ್ಯವಾಗಿ 60 ದಿನ ಮೀರದಂತೆ ತೀರ್ಪು ಕೊಡಬೇಕೆಂದು ಆದೇಶ 20 ಹೇಳುತ್ತದೆ. ಆ ಗಡುವಿನ ಬಿಸಿ ನಮಗೂ ತಟ್ಟುತ್ತದೆ. ಒಂದು ತೀರ್ಪಿನ ಮೂರು ನಾಲ್ಕು ಕರಡು ತೆಗೆಯುವುದು ಮಾಮೂಲು. ಸರ್ವೆ ನಂಬರು, ಚಕ್ಕುಬಂದಿ, ನಿಶಾನೆಗಳ (ಸಾಕ್ಷ್ಯವಾಗಿ ಗುರುತಿಸಿದ ದಾಖಲೆ, ವಸ್ತುಗಳ) ಸಂಖ್ಯೆ, ಸಾಕ್ಷಿಗಳ ಪಟ್ಟಿ ಎಲ್ಲವನ್ನೂ ಕಡತದೊಂದಿಗೆ ತಾಳೆ ನೋಡಬೇಕು.

ತೀರ್ಪಿನ ಕೊನೆಯಲ್ಲಿ ಕಂಸದೊಳಗೆ ಒಂದು ಸಾಲು ಇರುತ್ತದೆ: ಶೀಘ್ರಲಿಪಿಗಾರರಿಗೆ ಉಕ್ತಲೇಖನ ನೀಡಿ, ಬೆರಳಚ್ಚು ಮಾಡಿಸಿ, ಪರಿಶೀಲಿಸಿ, ತಿದ್ದುಪಡಿ ಮಾಡಿ, ತೆರೆದ ನ್ಯಾಯಾಲಯದಲ್ಲಿ ಘೋಷಿಸಲಾಯಿತು, ಎಂದು. ಇಡೀ ಕಡತದಲ್ಲಿ ನಾವು ಕಾಣಿಸಿಕೊಳ್ಳುವ ಜಾಗ ಅದೊಂದೇ, ಅದೂ ಹೆಸರಿಲ್ಲದೆ. ಪ್ರತಿ ಸಲ ಆ ಸಾಲು ಟೈಪ್ ಮಾಡುವಾಗ ನನಗೆ ಹೆಮ್ಮೆಯಾಗುತ್ತಿತ್ತು.

ಹಾಗಾದರೆ ತೀರ್ಪು ನಿಮಗೆ ಮೊದಲೇ ಗೊತ್ತಿರುತ್ತದೆ!

ಗೊತ್ತಿರುತ್ತದೆ. ಹೆಂಡತಿಗಾಗಲಿ, ಗಂಡನಿಗಾಗಲಿ ಹೇಳುವ ಹಾಗಿಲ್ಲ. ಒಮ್ಮೆ ಮರುದಿನ ಶಿಕ್ಷೆಯಾಗಲಿದ್ದ ಹುಡುಗನ ತಂದೆ ಸಂಜೆಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಕೂತಿದ್ದರು. 'ನಾಳೆ ಏನಾಗಬಹುದವ್ವಾ?' ಎಂದು ಕೇಳಿದರು. 'ನನಗೆ ಹೇಗೆ ಗೊತ್ತಾಗುತ್ತೆ ಯಜಮಾನ್ರೇ' ಎಂದು ಕಿಟಕಿ ಕಡೆ ತಿರುಗಿದೆ. ಈ ಕೆಲಸದಲ್ಲಿ ನನಗೆ ಅತಿ ಕಷ್ಟವಾದ ಸುಳ್ಳು ಅದು.

ಕೋರ್ಟಿನ ಹೊರಗೆ ಇಂಥ ಬರವಣಿಗೆ ಎಲ್ಲೆಲ್ಲಿ ನಡೆಯುತ್ತದೆ?

ಹಾಸಿಗೆ ಹಿಡಿದ ಸಾಕ್ಷಿಯ ಮನೆಗೆ ಅಥವಾ ಆಸ್ಪತ್ರೆಗೆ ಕೋರ್ಟು, ಸಾಕ್ಷ್ಯ ಬರೆದುಕೊಳ್ಳಲೆಂದೇ ನೇಮಿಸಿದ ಕಮಿಷನರನ್ನು ಕಳಿಸುತ್ತದೆ, ಸಾಕ್ಷ್ಯ ಅಲ್ಲೇ ದಾಖಲಾಗುತ್ತದೆ. ಬೆಂಗಳೂರಿನಲ್ಲಿ ನಡೆಯುವ ಮಧ್ಯಸ್ಥಿಕೆ (ಆರ್ಬಿಟ್ರೇಶನ್) ವಿಚಾರಣೆಗಳಿಗೆ ಖಾಸಗಿಯಾಗಿ ಲಿಪ್ಯಂತರ ಮಾಡುವವರಿದ್ದಾರೆ, ನಿವೃತ್ತರಾದ ಹಲವರು ಅಲ್ಲಿ ದುಡಿಯುತ್ತಾರೆ. ಇಲಾಖಾ ವಿಚಾರಣೆಗಳಿಗೂ ಸ್ಟೆನೋ ಬೇಕು. ಮಾತನ್ನು ಅಕ್ಷರಶಃ ಹಿಡಿಯುವ ಕೆಲಸ ನೋಡಬೇಕೆಂದರೆ ವಿಧಾನಸೌಧದ ವರದಿಗಾರರನ್ನು ನೋಡಬೇಕು. ಸದನದಲ್ಲಿ ಸರದಿಯಂತೆ ಕೂತು ಬರೆದು ಎದ್ದುಹೋಗಿ ಲಿಪ್ಯಂತರ ಮಾಡುತ್ತಾರೆ. ನಾಲ್ಕು ಜನ ಒಟ್ಟಿಗೆ ಕೂಗುವಾಗ ಬರೆಯುವವರ ಬಗ್ಗೆ ನನಗೆ ತುಂಬಾ ಗೌರವ.

ಅಮೆರಿಕದಲ್ಲಿರುವ ಮಗನಿಗೆ 'ಡೆಪೊಸಿಷನ್' ಎಂದು ಕರೆ ಬಂದಿದೆ. ಅದು ಕೋರ್ಟಿನಲ್ಲೇ ನಡೆಯುತ್ತದೆಯೇ?

ಡೆಪೊಸಿಷನ್ ಎಂದರೆ ಕೋರ್ಟಿನ ಹೊರಗೆ ಪ್ರಮಾಣ ಮಾಡಿಸಿ ಸಾಕ್ಷ್ಯ ಪಡೆಯುವುದು. ಅದು ನಡೆಯುವುದು ಸಾಮಾನ್ಯವಾಗಿ ವಕೀಲರ ಕಚೇರಿಯಲ್ಲಿ, ಈಗೀಗ ವಿಡಿಯೊ ಕರೆಯಲ್ಲಿ. ಅಲ್ಲಿ ನ್ಯಾಯಾಧೀಶರು ಇರುವುದಿಲ್ಲ. ಪ್ರಮಾಣ ಬೋಧಿಸುವುದೂ ಬರೆಯುವುದೂ ಸಾಮಾನ್ಯವಾಗಿ ಕೋರ್ಟ್ ರಿಪೋರ್ಟರೇ. ಅವರ ಸ್ಟೆನೋಟೈಪ್ ಯಂತ್ರದಲ್ಲಿ 22ರಷ್ಟೇ ಕೀಲಿಗಳು. ಹಾರ್ಮೋನಿಯಂ ಶ್ರುತಿ ಹಿಡಿದಂತೆ ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿ ಒಂದು ಉಚ್ಚಾರ ಮೂಡಿಸುತ್ತಾರೆ. ಅಲ್ಲಿನ ರಾಷ್ಟ್ರೀಯ ಸಂಘದ ಪ್ರಮಾಣಪತ್ರಕ್ಕೆ ಪ್ರಶ್ನೋತ್ತರದ ವೇಗ ನಿಮಿಷಕ್ಕೆ 225 ಪದ, 95 ಪ್ರತಿಶತ ನಿಖರತೆ. ನಮ್ಮಂತೆ ನಿರೂಪಣೆ ಇಲ್ಲ, ಪ್ರಶ್ನೆ ಪ್ರಶ್ನೆಯಾಗಿಯೇ, ಉತ್ತರ ಉತ್ತರವಾಗಿಯೇ ಬರುತ್ತದೆ. ಫೆಡರಲ್ ಸಿವಿಲ್ ಪ್ರಕರಣವಾದರೆ ಮಿತಿ ಸಾಮಾನ್ಯವಾಗಿ ಒಂದು ದಿನ, ಏಳು ಗಂಟೆ. ಮುಗಿಯುವ ಮುಂಚೆಯೇ ಕೋರಿಕೊಂಡರೆ ಲಿಪ್ಯಂತರ ಓದಿ ಬದಲಾವಣೆ ಸೂಚಿಸಲು 30 ದಿನ ಸಿಗುತ್ತದೆ. ನಿಮ್ಮ ಮಗನಿಗೆ ಹೇಳಿ: ಪ್ರಶ್ನೆ ಪೂರ್ತಿ ಮುಗಿದ ಮೇಲೆ ಉತ್ತರಿಸಲಿ, ಇಬ್ಬರು ಒಟ್ಟಿಗೆ ಮಾತಾಡಿದರೆ ಯಾವ ದೇಶದಲ್ಲೂ ಬರೆಯಲಾಗುವುದಿಲ್ಲ.

ಇನ್ನು ಮೇಲೆ ಯಂತ್ರವೇ ಬರೆಯುತ್ತದೆಯಂತೆ, ನಿಮ್ಮ ಕೆಲಸ ಉಳಿಯುತ್ತದೆಯೇ?

ಸುಪ್ರೀಂ ಕೋರ್ಟ್ 2023ರ ಫೆಬ್ರವರಿ 21ರಂದು ಸಂವಿಧಾನ ಪೀಠದ ವಾದಗಳನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಲಿಪ್ಯಂತರ ಮಾಡಲು ಆರಂಭಿಸಿತು. ಕೇರಳದ ವಿಚಾರಣಾ ನ್ಯಾಯಾಲಯಗಳಲ್ಲಿ 2025ರ ನವೆಂಬರ್ 1ರಿಂದ ಸಾಕ್ಷ್ಯ ದಾಖಲಿಸಲು ಧ್ವನಿಯಿಂದ ಪಠ್ಯ ಮಾಡುವ ತಂತ್ರಾಂಶ ಬಳಸಬೇಕೆಂದು ಅಲ್ಲಿನ ಹೈಕೋರ್ಟ್ ಸೂಚಿಸಿತು. ನಮ್ಮ ಹೈಕೋರ್ಟಿನ ಕಲಾಪ ನೇರಪ್ರಸಾರದ ನಿಯಮಗಳು 2022ರ ಜನವರಿ 1ರಿಂದಲೇ ಜಾರಿಯಲ್ಲಿವೆ.

ನಾನು ಇದನ್ನು ವಿರೋಧಿಸುವವಳಲ್ಲ. ಮಣಿಕಟ್ಟು ನೋವಿನಿಂದ ನರಳಿದ ನನ್ನ ಸಹೋದ್ಯೋಗಿಗಳನ್ನು ಕಂಡಿದ್ದೇನೆ, ಸ್ಟೆನೋ ಇಲ್ಲದೆ ಮುಂದಕ್ಕೆ ಹೋದ ಸಾಕ್ಷ್ಯಗಳನ್ನೂ ಕಂಡಿದ್ದೇನೆ. ಆದರೆ ಇಂಗ್ಲಿಷಿನಲ್ಲಿ ಮೈಕಿನ ಮುಂದೆ ವಾದಿಸುವ ಹಿರಿಯ ವಕೀಲರ ಮಾತು ಬೇರೆ, ಹೆದರಿ ಗಂಟಲೊಳಗೇ ಮಾತಾಡುವ ಸಾಕ್ಷಿಯ ಬೀದರಿನ ಕನ್ನಡ ಬೇರೆ. ಯಂತ್ರ ಬರೆಯಲಿ, ಜೊತೆಗೆ ಧ್ವನಿಯನ್ನೂ ಉಳಿಸಲಿ. ಸಾಕ್ಷಿಗೆ ಓದಿ ಹೇಳಿ 'ಸರೀನಾ?' ಎಂದು ಕೇಳುವ ಮನುಷ್ಯ ಮಾತ್ರ ಆ ಕುರ್ಚಿಯಲ್ಲಿ ಇರಲೇಬೇಕು. ಯಂತ್ರಕ್ಕೆ 'ನಮ್ಮಣ್ಣ' ಕೇಳಿಸುತ್ತದೆ, ಅದು ಯಾವ ಅಣ್ಣ ಎಂಬ ಅನುಮಾನ ಬರುವುದಿಲ್ಲ.

ತೀರ್ಪಿನಲ್ಲಿ ನನ್ನ ಸರ್ವೆ ನಂಬರು ತಪ್ಪಾಗಿ ಟೈಪ್ ಆಗಿದೆ. ಏನು ಮಾಡಲಿ?

ಸಹಿಯಾದ ತೀರ್ಪನ್ನು ನಾವಾಗಲಿ, ನ್ಯಾಯಾಧೀಶರಾಗಲಿ ಹಾಗೇ ಬದಲಿಸುವಂತಿಲ್ಲ. ಬರಹದ ಅಥವಾ ಲೆಕ್ಕದ ತಪ್ಪಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಂ ಅಡಿ ಅರ್ಜಿ ಹಾಕಬಹುದು. ತೀರ್ಪಿನ ಆಧಾರದ ಮೇಲೆ ಬೇರೆಯಾಗಿ ಬರೆಯುವ ಡಿಕ್ರಿಯಲ್ಲೂ ಅದೇ ತಪ್ಪು ಇದೆಯೇ ಎಂದು ನೋಡಿ, ಎರಡಕ್ಕೂ ಸೇರಿಸಿ ಕೇಳಿ.

ಸಾಕ್ಷ್ಯದ ನಕಲು ಸಿಗುತ್ತದೆಯೇ?

ನಕಲು ಶಾಖೆಯಲ್ಲಿ ಅರ್ಜಿ ಕೊಟ್ಟರೆ ಪಕ್ಷಗಾರರಿಗೆ ದೃಢೀಕೃತ ಪ್ರತಿ ಸಿಗುತ್ತದೆ. ತೀರ್ಪು, ಡಿಕ್ರಿಯ ನಕಲು ಪಡೆಯಲು ಬೇಕಾದ ದಿನಗಳನ್ನು ಮೇಲ್ಮನವಿಯ ಕಾಲಮಿತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಅರ್ಜಿ ಕೊಟ್ಟ ದಿನ ಮತ್ತು ಪ್ರತಿ ಸಿದ್ಧವಾದ ದಿನದ ಮುದ್ರೆ ಸರಿಯಾಗಿದೆಯೇ ನೋಡಿಕೊಳ್ಳಿ. ಜೈಲು ಶಿಕ್ಷೆಯಾದ ಆರೋಪಿಗೆ ತೀರ್ಪಿನ ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳನ್ನು ಬರೆಯುವಾಗ ಮನಸ್ಸು ಹೇಗಿರುತ್ತದೆ?

ಪೋಕ್ಸೊ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ಪ್ರಕರಣಗಳಲ್ಲಿ ವಕೀಲರು ಮಗುವನ್ನು ನೇರವಾಗಿ ಕೇಳುವಂತಿಲ್ಲ, ಪ್ರಶ್ನೆಗಳು ನ್ಯಾಯಾಧೀಶರ ಮೂಲಕ ಹೋಗಬೇಕು. ಕೊಠಡಿಯ ಬಾಗಿಲು ಮುಚ್ಚಿರುತ್ತದೆ, ಒಳಗೆ ಬೆರಳೆಣಿಕೆಯ ಜನ. ಮಗು ತನ್ನದೇ ಪದಗಳಲ್ಲಿ ಹೇಳುತ್ತದೆ. ಆ ಪದಗಳನ್ನು ದೊಡ್ಡವರ ಪದಗಳಿಗೆ ಬದಲಿಸದೆ ಬರೆಯುವುದು ಬಹಳ ಮುಖ್ಯ, ಏಕೆಂದರೆ ಮಗು ನಿಜ ಹೇಳುತ್ತಿದೆ ಎಂಬುದಕ್ಕೆ ಆ ಪದಗಳೇ ಆಧಾರ. ತೀರ್ಪಿನಲ್ಲಿ ಹೆಸರು, ಊರು, ಶಾಲೆ ಯಾವುದೂ ಗುರುತು ಬಿಟ್ಟುಕೊಡದಂತೆ ಎಚ್ಚರ ವಹಿಸುತ್ತೇವೆ. ಮನೆಗೆ ಬಂದು ನನ್ನ ಮಗಳನ್ನು ಎದೆಗೊತ್ತಿಕೊಂಡು ಕೂತ ಸಂಜೆಗಳಿವೆ. ಬರೆಯುವವರ ಮನಸ್ಸಿನ ಭಾರದ ಬಗ್ಗೆ ನಮ್ಮ ವ್ಯವಸ್ಥೆಯಲ್ಲಿ ಯಾರೂ ವಿಚಾರಿಸುವುದಿಲ್ಲ, ವಿಚಾರಿಸಬೇಕು.

ನಾಳೆ ನಾನು ಸಾಕ್ಷಿ ಹೇಳಬೇಕು. ಸಹಿ ಹಾಕುವ ಮುಂಚೆ ಏನು ನೋಡಲಿ?

ಕನ್ನಡಕ ಮರೆಯದೆ ತನ್ನಿ. ನಿಮ್ಮ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಊರು ಮೊದಲು ನೋಡಿ. ಆಮೇಲೆ ದಿನಾಂಕ, ಹಣದ ಮೊತ್ತ, ಸರ್ವೆ ನಂಬರು. ಆಮೇಲೆ ಪಾಟೀ ಸವಾಲಿನ ಪ್ರತಿ ಸಾಲಿನ ಕೊನೆಗೆ ಬೆರಳಿಟ್ಟು 'ಸರಿ'ಯೋ 'ಸರಿಯಲ್ಲ'ವೋ ಓದಿ. ಓದು ಬಾರದವರು ಓದಿಸಿಕೊಳ್ಳಿ, ಅರ್ಥವಾಗದ ಪದ ಬಂದರೆ ಅಲ್ಲೇ ಕೇಳಿ. ತಪ್ಪು ಕಂಡರೆ ಟೈಪ್ ಮಾಡಿದವರ ಜೊತೆ ಗುಟ್ಟಾಗಿ ಮಾತಾಡಬೇಡಿ, ಪೀಠದ ಕಡೆ ತಿರುಗಿ ಗಟ್ಟಿಯಾಗಿ 'ಸ್ವಾಮಿ, ಇದು ನಾನು ಹೇಳಿದ ಹಾಗಿಲ್ಲ' ಎನ್ನಿ. ಎಲ್ಲ ಹಾಳೆಗೂ ಸಹಿ ಹಾಕಿಸಿಕೊಳ್ಳುತ್ತಾರೆ, ಒಂದೊಂದನ್ನೂ ಓದಿಯೇ ಹಾಕಿ. ಹಿಂದೆ ಎಷ್ಟೇ ಜನ ಕಾಯುತ್ತಿರಲಿ, ಕೆಳಗೆ ಕೂತ ನಾವು ಕಾಯುತ್ತೇವೆ.